ಮೊದಲ ಬೈಕು, ಮಲೆನಾಡಿನ ರಸ್ತೆ: ಎಲ್‌ಎಲ್‌ನಿಂದ ಆರ್‌ಸಿವರೆಗೆ

ಕಳೆದ ವಾರ ನನ್ನ ಮೊದಲ ಬೈಕಿನ ಆರ್‌ಸಿ (ನೋಂದಣಿ ಪ್ರಮಾಣಪತ್ರ) ಕಾರ್ಡು ಅಂಚೆಯಲ್ಲಿ ಬಂದು ಕೈಸೇರಿತು. ಮನೆಯಲ್ಲಿ ಬೈಕಿನ ಮಾತು ತೆಗೆದಾಗ ಅಡಿಕೆ ಕೊಯ್ಲು ನಡೆಯುತ್ತಿತ್ತು. ಗಾಡಿ ಅಂಗಳಕ್ಕೆ ಬರುವಷ್ಟರಲ್ಲಿ ಮುಂಗಾರು ಹಿಡಿದಿತ್ತು. ಯಾವ ಕೆಲಸ ಮೊದಲು, ಯಾವುದು ನಂತರ, ಯಾವ ಕಾಗದ ಯಾರ ಬಳಿ ಸಿಗುತ್ತದೆ ಎಂಬುದನ್ನು ಒಂದೇ ಕಡೆ ಹೇಳುವವರು ಸಿಕ್ಕಿದ್ದರೆ ಇದರಲ್ಲಿ ಅರ್ಧ ಕಾಲ ಉಳಿಯುತ್ತಿತ್ತು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಮೊದಲ ಬೈಕಿಗಾಗಿ ಲೆಕ್ಕ ಹಾಕುತ್ತಿರುವ ನನ್ನ ವಯಸ್ಸಿನವರಿಗೆ ಅನುಕೂಲವಾಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನನ್ನ ಅಗತ್ಯವನ್ನು ಮೊದಲು ಹೇಳಬೇಕು. ಊರು ತೀರ್ಥಹಳ್ಳಿಯ ಆಚೆ, ಬಸ್ಸು ಓಡಾಡುವ ರಸ್ತೆಯಿಂದ ಒಳಗೆ. ಅಲ್ಲಿಂದ ಮನೆಯವರೆಗೆ ಮಣ್ಣು ರಸ್ತೆ, ನಡುವೆ ಒಂದು ಕಡಿದಾದ ಏರು. ಕೆಲಸ ಶಿವಮೊಗ್ಗದಲ್ಲಿ, ಬಾಡಿಗೆ ಕೋಣೆ ವಿನೋಬನಗರದಲ್ಲಿ. ವಾರದಲ್ಲಿ ಐದಾರು ದಿನ ನಗರದೊಳಗೆ ಓಡಾಟ, ರಜೆ ಬಂದಾಗ ಗಾಜನೂರು, ಮಂಡಗದ್ದೆ ಮಾರ್ಗವಾಗಿ ಊರಿಗೆ, ತೀರ್ಥಹಳ್ಳಿಯವರೆಗೇ ಸುಮಾರು ಅರವತ್ತು ಕಿಲೋಮೀಟರ್. ಕೆಲಸ ಮುಗಿಸಿ ತಡವಾಗಿ ಹೊರಟರೆ ತೀರ್ಥಹಳ್ಳಿಯವರೆಗೆ ಹೇಗೋ ಬರಬಹುದು; ಅಲ್ಲಿಂದ ಮುಂದೆ ಯಾರಾದರೂ ಬಂದು ಕರೆದೊಯ್ಯಬೇಕು. ಅಪ್ಪ ಮಳೆಯಲ್ಲಿ ಟಾರ್ಚ್ ಹಿಡಿದು ಬಸ್ ನಿಲ್ದಾಣದಲ್ಲಿ ಕಾಯುವುದನ್ನು ನೋಡುವುದು ನನಗೆ ಸಂಕಟದ ವಿಷಯವಾಗಿತ್ತು.

ಆರಂಭ ಶೋರೂಂನಿಂದ ಆಗಬಾರದು, ಲೈಸೆನ್ಸಿನಿಂದ ಆಗಬೇಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ನಾನು ವಿಚಾರಿಸಿದ ಶೋರೂಂಗಳು ಡಿಎಲ್ (ಚಾಲನಾ ಪರವಾನಗಿ) ತೋರಿಸದೆ ಟೆಸ್ಟ್ ರೈಡ್ ಕೊಡಲಿಲ್ಲ, ಮತ್ತು ಅದು ಸರಿಯಾದ ಕ್ರಮವೇ. ಓಡಿಸಿ ನೋಡದೆ ಮೊದಲ ಬೈಕನ್ನು ಆರಿಸುವುದು ಸಾಧ್ಯವಿಲ್ಲ. ಗೇರ್ ಇರುವ ಬೈಕಿಗೆ ಹದಿನೆಂಟು ತುಂಬಿರಬೇಕು. ಅರ್ಜಿಯನ್ನು ಕೇಂದ್ರ ಸಾರಿಗೆ ಇಲಾಖೆಯ ಸಾರಥಿ ಜಾಲತಾಣದಲ್ಲಿ ಹಾಕಬೇಕು. ಮೊದಲು ಸಿಗುವ ಎಲ್‌ಎಲ್ (ಕಲಿಕಾ ಪರವಾನಗಿ) ಕೈಗೆ ಬಂದು ಮೂವತ್ತು ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಅರ್ಜಿ ಹಾಕಬಹುದು, ಆರು ತಿಂಗಳ ನಂತರ ಎಲ್‌ಎಲ್ ಅವಧಿ ಮುಗಿಯುತ್ತದೆ. ನನಗೆ ಮೊದಲ ತೊಡಕು ಎದುರಾದದ್ದು ಹೆಸರಿನಲ್ಲಿ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದಿತ್ತು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹಿಂದಿತ್ತು. ಇಷ್ಟು ಸಣ್ಣ ವ್ಯತ್ಯಾಸಕ್ಕಾಗಿ ಆಧಾರ್ ತಿದ್ದುಪಡಿ ಮಾಡಿಸಿ, ಅದು ಜಾಲತಾಣದಲ್ಲಿ ಕಾಣಿಸುವವರೆಗೆ ಕಾಯಬೇಕಾಯಿತು. ಮುಂದೆ ಆರ್‌ಸಿ, ವಿಮೆ, ಸಾಲ ಎಲ್ಲದರಲ್ಲೂ ಒಂದೇ ಹೆಸರು ಬೇಕಾಗುವುದರಿಂದ ಆ ಕಾಯುವಿಕೆ ವ್ಯರ್ಥವಾಗಲಿಲ್ಲ. ನೀವು ಅರ್ಜಿ ಹಾಕುವ ಮೊದಲೇ ಆಧಾರ್, ಪ್ಯಾನ್, ಅಂಕಪಟ್ಟಿ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ.

ಕಲಿತದ್ದು ಚಿಕ್ಕಪ್ಪನ ಹಳೆಯ ಸ್ಪ್ಲೆಂಡರ್‌ನಲ್ಲಿ, ಊರಿನ ಶಾಲೆಯ ಮೈದಾನದಲ್ಲಿ. ಡಿಎಲ್ ಪರೀಕ್ಷೆಯಲ್ಲಿ ಕಾಲು ನೆಲಕ್ಕೆ ತಾಗಿಸದೆ ಎಂಟರ ಆಕಾರದಲ್ಲಿ ಓಡಿಸಬೇಕು. ಚಿಕ್ಕಪ್ಪ ಒಣಗಿದ ಅಡಿಕೆ ಸಿಪ್ಪೆಯನ್ನು ಮೈದಾನದ ಮೇಲೆ ಸಾಲಾಗಿ ಹರಡಿ ಎಂಟು ಬರೆದುಕೊಟ್ಟಿದ್ದರು. ಚಕ್ರ ಹಾದಿ ತಪ್ಪಿದ ಕೂಡಲೇ ಸಿಪ್ಪೆ ಚರಚರ ಸದ್ದು ಮಾಡುತ್ತಿತ್ತು, ಹಾಗಾಗಿ ಕೆಳಗೆ ನೋಡದೆಯೇ ತಪ್ಪು ತಿಳಿಯುತ್ತಿತ್ತು. ಕ್ಲಚ್ಚನ್ನು ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿಕೊಂಡು, ಚಕ್ರದ ಮುಂದಿನ ನೆಲವನ್ನು ನೋಡುವ ಬದಲು ತಿರುವು ಮುಗಿಯುವ ಕಡೆಗೆ ನೋಡಿದರೆ ಎಂಟು ತಾನಾಗಿ ಬರುತ್ತದೆ. ಎಲ್‌ಎಲ್ ಇರುವಾಗ ಗಾಡಿಯ ಹಿಂದೆ ಮುಂದೆ ಕೆಂಪು ಬಣ್ಣದ ‘ಎಲ್’ ಫಲಕ ಇರಬೇಕು, ಹಿಂದಿನ ಸೀಟಿನಲ್ಲಿ ಕಲಿಸುವವರ ಹೊರತು ಬೇರೆ ಯಾರನ್ನೂ ಕೂರಿಸುವಂತಿಲ್ಲ. ಪರೀಕ್ಷೆಯ ದಿನ ಕಾಯುವುದೇ ಹೆಚ್ಚು. ಮೂಲ ದಾಖಲೆಗಳು, ಹೆಲ್ಮೆಟ್ಟು, ಓಡಿಸುವ ಗಾಡಿಯ ಚಾಲ್ತಿಯಲ್ಲಿರುವ ವಿಮೆ ಮತ್ತು ಹೊಗೆ ತಪಾಸಣೆ ಪತ್ರ ಜೊತೆಗಿದ್ದರೆ ಸಾಕು.

ಡಿಎಲ್‌ಗಾಗಿ ಕಾಯುತ್ತಿದ್ದ ದಿನಗಳಲ್ಲಿ ಸಲಹೆಗಳಿಗೆ ಕೊರತೆ ಇರಲಿಲ್ಲ. ಸೋದರಮಾವನಿಗೆ ಇಂದಿಗೂ ಹಳೆಯ ಯಮಹಾ ಆರ್‌ಎಕ್ಸ್ 100 ಬಿಟ್ಟರೆ ಬೈಕೇ ಇಲ್ಲ. ಗೆಳೆಯರಲ್ಲಿ ಕೆಲವರು ಕೆಟಿಎಂ ಎಂದರು, ಕೆಲವರು ಬುಲೆಟ್ಟೇ ಘಟ್ಟದ ಗಾಡಿ ಎಂದರು. ಅಮ್ಮ ಸ್ಕೂಟರ್ ಸಾಕು ಎಂದು ಪಟ್ಟು ಹಿಡಿದಿದ್ದರು. ಅವರ ಭಯ ನನಗೆ ಅರ್ಥವಾಗುತ್ತಿತ್ತು, ಆದರೆ ನಮ್ಮ ಮಣ್ಣು ರಸ್ತೆಯ ಗುಂಡಿಗಳಲ್ಲಿ ಸ್ಕೂಟರಿನ ಸಣ್ಣ ಚಕ್ರ ಹೇಗೆ ಕುಣಿಯುತ್ತದೆ ಎಂಬುದನ್ನು ನೆರೆಮನೆಯವರ ಗಾಡಿಯ ಹಿಂದೆ ಕುಳಿತು ಕಂಡಿದ್ದೆ.

ನನ್ನ ಯೋಚನೆಗೆ ದಿಕ್ಕು ಕೊಟ್ಟವರು ತೀರ್ಥಹಳ್ಳಿಯ ಒಬ್ಬ ಮೆಕ್ಯಾನಿಕ್. ಅವರ ಗ್ಯಾರೇಜಿನ ಮುಂದೆ ಜಂಬಿಟ್ಟಿಗೆ ಹಾಸಿದ ಸಣ್ಣ ಇಳಿಜಾರಿದೆ. ಗಾಡಿ ತೊಳೆದ ನೀರು ದಿನವೂ ಅದರ ಮೇಲೆ ಹರಿದು ಪಾಚಿ ಕಟ್ಟಿರುತ್ತದೆ. ಸರ್ವಿಸಿಗೆ ಬಂದಿದ್ದ 350 ಸಿಸಿ ಬೈಕೊಂದನ್ನು ತೋರಿಸಿ, ‘ಸ್ಟಾರ್ಟ್ ಮಾಡಬೇಡ. ಸ್ಟ್ಯಾಂಡ್ ತೆಗೆದು ಹಿಂದಕ್ಕೆ ಮೇಲೆ ತಳ್ಳು, ತಿರುಗಿಸಿ ನಿಲ್ಲಿಸು’ ಎಂದರು. ಸ್ಟ್ಯಾಂಡ್ ಮಡಚಿದ ಕೂಡಲೇ ಅದರ ಭಾರ ಸೊಂಟದ ಮೇಲೆ ಬಂತು. ಬಲಗಾಲು ಪಾಚಿಯ ಮೇಲೆ ಅರ್ಧ ಅಡಿ ಜಾರಿತು, ಮುಂದಿನ ಬ್ರೇಕ್ ಹಿಡಿದರೂ ಚಕ್ರ ನಿಂತಂತೆಯೇ ಇಳಿಜಾರಿನಲ್ಲಿ ಸರಿಯಿತು, ಅವರು ಹಿಂದಿನ ಹಿಡಿಕೆ ಹಿಡಿದುಕೊಂಡರು. ನಂತರ ಪಕ್ಕದಲ್ಲಿದ್ದ ಸ್ಪ್ಲೆಂಡರ್ ಕೊಟ್ಟರು. ಅದು ಸಲೀಸಾಗಿ ಹಿಂದಕ್ಕೆ ಬಂತು. ‘ಓಡುವಾಗ ಎಲ್ಲ ಗಾಡಿಯೂ ಹಗುರವೇ. ಹೊಸಬರು ಬೀಳುವುದು ನಿಲ್ಲಿಸುವಾಗ, ತಿರುಗಿಸುವಾಗ. ನಿಂತ ಗಾಡಿಯನ್ನು ಹಿಡಿಯಲಾದರೆ ಮಾತ್ರ ಅದು ನಿನ್ನದು’ ಎಂದರು. ಅಂದಿನಿಂದ ನಾನು ಸಿಸಿ, ಮೈಲೇಜು, ಗರಿಷ್ಠ ವೇಗ ಎಂದು ಬರೆದಿಟ್ಟುಕೊಂಡಿದ್ದ ಪಟ್ಟಿಯ ಮೇಲ್ಭಾಗದಲ್ಲಿ ತೂಕ ಮತ್ತು ಸೀಟಿನ ಎತ್ತರವನ್ನು ಬರೆದೆ.

ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಹೀರೋ ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕಿಲೋ, ಸೀಟಿನ ಎತ್ತರ 785 ಮಿಲಿಮೀಟರ್. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195 ಕಿಲೋ, 805 ಮಿಲಿಮೀಟರ್. ಮಣ್ಣು ರಸ್ತೆಗೆಂದೇ ಮಾಡಿದಂತಿರುವ ಹೀರೋ ಎಕ್ಸ್‌ಪಲ್ಸ್ 200 ಬೈಕಿನ ತಳ ನೆಲದಿಂದ 220 ಮಿಲಿಮೀಟರ್ ಎತ್ತರದಲ್ಲಿರುತ್ತದೆ, ಅದು ನಮ್ಮ ರಸ್ತೆಗೆ ವರವೇ. ಆದರೆ ಸೀಟು 825 ಮಿಲಿಮೀಟರ್ ಎತ್ತರವಿರುವುದರಿಂದ ನನ್ನ ಎತ್ತರದವನಿಗೆ ಕಾಲಿನ ತುದಿ ಮಾತ್ರ ನೆಲಕ್ಕೆ ತಾಗುತ್ತದೆ. ಏರಿನಲ್ಲಿ, ಕೆಸರಿನಲ್ಲಿ, ಎದುರಿಗೆ ಜೀಪು ಬಂದು ದಿಢೀರನೆ ನಿಲ್ಲಿಸಬೇಕಾದಾಗ ತುದಿಗಾಲು ಸಾಲದು. ಎತ್ತರದ ಸವಾರರಿಗೆ ಅದು ಒಳ್ಳೆಯ ಆಯ್ಕೆಯಾಗಬಹುದು. ಮಳೆಗಾಲದ ಬೂಟು ಹಾಕಿಕೊಂಡು ಕುಳಿತು ನೋಡಿ. ಎರಡೂ ಪಾದ, ಕನಿಷ್ಠ ಮುಂಗಾಲು, ನೆಲದ ಮೇಲೆ ಭದ್ರವಾಗಿ ಕೂರಬೇಕು.

ಎರಡನೆಯ ಮಾನದಂಡ ಬ್ರೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಒಣ ರಸ್ತೆ ಕಾಣುವುದು ಅಪರೂಪ. ಮರದ ಕೆಳಗಿನ ಟಾರಿನ ಮೇಲೆ ಕೊಳೆತ ಎಲೆ, ತೋಟದಿಂದ ಹರಿದು ಬಂದ ಕೆಂಪು ಮಣ್ಣು, ತಿರುವಿನಲ್ಲಿ ಪಾಚಿ. ಗಾಬರಿಯಲ್ಲಿ ಮುಂದಿನ ಬ್ರೇಕನ್ನು ಜೋರಾಗಿ ಹಿಡಿದರೆ ಚಕ್ರ ಬಿಗಿದುಕೊಂಡು ಗಾಡಿ ಜಾರುತ್ತದೆ, ಹೊಸ ಸವಾರರ ಕೈ ಗಾಬರಿಯಲ್ಲಿ ಮಾಡುವುದೇ ಇದನ್ನು. ಎಬಿಎಸ್ ಎಂಬ ಬ್ರೇಕ್ ವ್ಯವಸ್ಥೆ ಚಕ್ರ ಬಿಗಿಯುವುದನ್ನು ಗ್ರಹಿಸಿ ಬ್ರೇಕನ್ನು ಕ್ಷಣಕ್ಷಣಕ್ಕೆ ಸಡಿಲಿಸಿ ಹಿಡಿಯುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಬೈಕುಗಳಿಗೆ ಇದು ಕಡ್ಡಾಯ. ನಾನು ನೋಡಿದ 100 ಮತ್ತು 125 ಸಿಸಿ ಬೈಕುಗಳಲ್ಲಿ ಇದ್ದದ್ದು ಸಿಬಿಎಸ್. ಅದು ಒಂದು ಬ್ರೇಕ್ ಒತ್ತಿದಾಗ ಎರಡೂ ಚಕ್ರಕ್ಕೆ ಬಲ ಹಂಚುತ್ತದೆಯೇ ಹೊರತು ಚಕ್ರ ಬಿಗಿಯುವುದನ್ನು ತಡೆಯುವುದಿಲ್ಲ. ಸಿಂಗಲ್ ಚಾನೆಲ್ ಎಂದಿದ್ದರೆ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ ಎಂಬುದನ್ನೂ ತಿಳಿದಿರಬೇಕು. ಹೀಗೆ ಒಂದು ಕಡೆ ಹಗುರವಾದ 125, ಇನ್ನೊಂದು ಕಡೆ ಎಬಿಎಸ್ ಇರುವ 150–160 ಸಿಸಿ ವರ್ಗ. ಇವೆರಡರ ನಡುವೆ ಬಹಳ ದಿನ ತೂಗಾಡಿದೆ. ನಗರದೊಳಗೆ ಮಾತ್ರ ಓಡಾಡುವವರಿಗೆ ನಾನು ಇವತ್ತಿಗೂ 125 ಸಿಸಿಯನ್ನೇ ಹೇಳುತ್ತೇನೆ.

ಹೊಸತು ದುಬಾರಿಯಾಯಿತೆಂದು ಸೆಕೆಂಡ್ ಹ್ಯಾಂಡ್ ಕೂಡ ಹುಡುಕಿದೆ. ಸಾಗರದಲ್ಲಿ ಕೆಎ-15 ನೋಂದಣಿಯ ಒಳ್ಳೆಯ ಗಾಡಿಯೊಂದು ಸಿಕ್ಕಿತು, ದರವೂ ಒಪ್ಪಿಗೆಯಾಯಿತು. ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿದಾಗ ಹಣಕಾಸು ಸಂಸ್ಥೆಯ ಅಡಮಾನ ಇನ್ನೂ ದಾಖಲಾಗಿತ್ತು. ಮಾರುವವರು ಸಾಲ ತೀರಿಸಿದ್ದು ನಿಜ, ಆದರೆ ಸಂಸ್ಥೆಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಫಾರಂ 35 ಪಡೆದು ಆರ್‌ಸಿಯಿಂದ ಅಡಮಾನ ತೆಗೆಸಿರಲಿಲ್ಲ. ಆ ಸಂಸ್ಥೆಯ ಸ್ಥಳೀಯ ಶಾಖೆಯೇ ಮುಚ್ಚಿಹೋಗಿತ್ತು. ಇನ್ನೊಂದು ಗಾಡಿಯ ಆರ್‌ಸಿ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಉಳಿದಿತ್ತು. ಮೊದಲು ಫಾರಂ 31ರ ಮೂಲಕ ವಾರಸುದಾರರ ಹೆಸರಿಗೆ ಆಗದೆ ನನ್ನ ಹೆಸರಿಗೆ ಬರುವಂತಿರಲಿಲ್ಲ. ಮಾರುವವರು ಎಷ್ಟೇ ಪರಿಚಿತರಾಗಿರಲಿ, ಫಾರಂ 29 ಮತ್ತು 30ಕ್ಕೆ ಸಹಿಯಾಗಿ ವರ್ಗಾವಣೆಯ ಅರ್ಜಿ ದಾಖಲಾಗುವವರೆಗೆ ಪೂರ್ತಿ ಹಣ ಕೊಡಬೇಡಿ. ಬಾಕಿ ದಂಡವಿದೆಯೇ, ವಿಮೆ ಚಾಲ್ತಿಯಲ್ಲಿದೆಯೇ, ಎಂಜಿನ್ ಮತ್ತು ಚಾಸಿ ಸಂಖ್ಯೆ ಆರ್‌ಸಿಯೊಂದಿಗೆ ಹೊಂದುತ್ತದೆಯೇ ಎಂಬುದನ್ನು ಹಗಲು ಬೆಳಕಿನಲ್ಲಿ ನೋಡಿ. ಕಾಗದ ಸರಿಯಿರುವ ಹಳೆಯ ಗಾಡಿ ಸಿಕ್ಕಿದ್ದರೆ ನಾನು ಅದನ್ನೇ ಕೊಳ್ಳುತ್ತಿದ್ದೆ; ಸಿಗಲಿಲ್ಲ.

ಡಿಎಲ್ ಬಂದ ಮೇಲೆ ಟೆಸ್ಟ್ ರೈಡುಗಳು ಸುಲಭವಾದವು. ಶೋರೂಂ ಮುಂದಿನ ನುಣುಪು ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಏನೂ ತಿಳಿಯುವುದಿಲ್ಲವೆಂದು, ಸಿಬ್ಬಂದಿಯನ್ನು ಒಪ್ಪಿಸಿ ಸವಳಂಗ ರಸ್ತೆಯ ಕಡೆ ಹೋಗಿ, ಹಂಪುಗಳ ಮೇಲೆ ನಿಧಾನವಾಗಿ ಹಾಯಿಸಿ, ಕಿರಿದಾದ ಅಡ್ಡರಸ್ತೆಯಲ್ಲಿ ಯೂ ಟರ್ನ್ ತೆಗೆದು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿದೆ. ಕೊನೆಗೆ ಆರಿಸಿದ್ದು ಹೋಂಡಾ ಯೂನಿಕಾರ್ನ್. 162.7 ಸಿಸಿ, ಸುಮಾರು 140 ಕಿಲೋ, ಸೀಟು 798 ಮಿಲಿಮೀಟರ್, ಸಿಂಗಲ್ ಚಾನೆಲ್ ಎಬಿಎಸ್. ಗೆಳೆಯರಿಗೆ ಅದು ‘ಅಂಕಲ್ ಗಾಡಿ’. ನನಗೆ ಮುಖ್ಯವಾದದ್ದು ಕಡಿಮೆ ವೇಗದಲ್ಲಿ ಎರಡನೆಯ ಗೇರಿನಲ್ಲೇ ಅಳುಕದೆ ಏರು ಹತ್ತುವ ಗುಣ ಮತ್ತು ಅಪ್ಪನನ್ನು ಹಿಂದೆ ಕೂರಿಸಿಕೊಳ್ಳಬಹುದಾದ ಉದ್ದನೆಯ ಸೀಟು. ಸರ್ವಿಸ್ ಕೇಂದ್ರ ಎಷ್ಟು ಹತ್ತಿರವಿದೆ ಎಂಬುದನ್ನೂ ನೋಡಿದೆ. ಒಂದು ಕ್ಲಚ್ ಕೇಬಲ್ಲಿಗಾಗಿ ಮಲೆನಾಡಿನ ಮೂಲೆಯಿಂದ ಶಿವಮೊಗ್ಗಕ್ಕೆ ಗಾಡಿ ಸಾಗಿಸುವ ಪಾಡು ಯಾರಿಗೂ ಬೇಡ.

ಬೆಲೆಯ ವಿಚಾರಕ್ಕೆ ಬರೋಣ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಆದ್ದರಿಂದ ಅದಕ್ಕಿಂತ ಹಿಂದಿನ ಬೆಲೆಪಟ್ಟಿಗಳನ್ನು ನೆಚ್ಚಬೇಡಿ. ಎಕ್ಸ್ ಶೋರೂಂ (ರಸ್ತೆ ತೆರಿಗೆ, ವಿಮೆ ಸೇರದ) ಬೆಲೆ ಕೇಳಿ ಬಜೆಟ್ ಹಾಕುವುದೂ ಬೇಡ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಐವತ್ತು ಸಾವಿರದಿಂದ ಒಂದು ಲಕ್ಷದವರೆಗಿನ ದ್ವಿಚಕ್ರ ವಾಹನಕ್ಕೆ ಶೇಕಡಾ 12, ಒಂದು ಲಕ್ಷ ದಾಟಿದರೆ ಶೇಕಡಾ 18, ಅದರ ಮೇಲೆ ಸೆಸ್ ಬೇರೆ. ಅಂದರೆ 98,000 ರೂಪಾಯಿಯ ಗಾಡಿಗೆ ತೆರಿಗೆ 11,760 ರೂಪಾಯಿ, 1,04,000 ರೂಪಾಯಿಯದಕ್ಕೆ 18,720. ಬೆಲೆಯಲ್ಲಿ ಆರು ಸಾವಿರ ಹೆಚ್ಚಾದಾಗ ತೆರಿಗೆಯೇ ಸುಮಾರು ಏಳು ಸಾವಿರ ಹೆಚ್ಚುತ್ತದೆ. ಬಜೆಟ್ ಈ ಗೆರೆಯ ಆಸುಪಾಸಿನಲ್ಲಿದ್ದರೆ ಯಾವ ವೇರಿಯಂಟ್ ಎಂಬುದನ್ನು ಎರಡು ಸಲ ಯೋಚಿಸಿ.

ಒಂದು ಶೋರೂಂ ಕೊಟ್ಟ ಮೊದಲ ಕೊಟೇಶನ್‌ನಲ್ಲಿ ‘ಇತರೆ’ ಎಂಬ ಸಾಲಿನಲ್ಲಿ ಕೆಲವು ಸಾವಿರ ರೂಪಾಯಿ ಸೇರಿತ್ತು. ಏನೆಂದು ಕೇಳಿದಾಗ ಹ್ಯಾಂಡ್ಲಿಂಗ್, ಕೋಟಿಂಗ್, ಸೀಟ್ ಕವರ್ ಎಂದರು. ಪ್ರತಿಯೊಂದನ್ನೂ ಬೇರೆ ಬೇರೆ ಬರೆದು ಸಹಿ ಮಾಡಿಕೊಡಿ ಎಂದು ವಿನಯದಿಂದಲೇ ಪಟ್ಟು ಹಿಡಿದೆ. ಹ್ಯಾಂಡ್ಲಿಂಗ್ ಮಾಯವಾಯಿತು, ಕೋಟಿಂಗ್ ನನ್ನ ಇಚ್ಛೆಗೆ ಬಿಟ್ಟದ್ದಾಯಿತು. ಹೊಸ ಗಾಡಿಯ ಜೊತೆ ಹೆಲ್ಮೆಟ್ ಕೊಡಬೇಕೆಂಬ ನಿಯಮ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ, ಕೇಳಿ ಪಡೆಯಿರಿ. ನಾನು ಮಾತ್ರ ತಲೆಗೆ ಸರಿಯಾಗಿ ಕೂರುವ, ಐಎಸ್‌ಐ ಗುರುತಿನ ಪೂರ್ಣ ಮುಖದ ಹೆಲ್ಮೆಟ್ಟನ್ನು ಬೇರೆ ಕೊಂಡೆ. ನಮ್ಮ ಕಡೆಯ ಮಂಜಿಗೆ ಬಣ್ಣದ ವೈಸರ್ ಬೇಡವೇ ಬೇಡ, ತಿಳಿಯಾದದ್ದೇ ಇರಲಿ.

ಸಾಲದ ಹಂತದಲ್ಲಿ ನಿಜಕ್ಕೂ ಕಂಗಾಲಾದೆ. ನನ್ನ ಹೆಸರಿನಲ್ಲಿ ಹಿಂದೆ ಯಾವ ಸಾಲವೂ ಇರಲಿಲ್ಲವಾದ್ದರಿಂದ ಸಾಲ ತೀರಿಸಿದ ಚರಿತ್ರೆಗೆ ಕೊಡುವ ಸಿಬಿಲ್ ಅಂಕವೇ ಇರಲಿಲ್ಲ. ಸಾಲವಿಲ್ಲದವನು ಪ್ರಾಮಾಣಿಕ ಎಂದು ನಂಬಿಕೊಂಡು ಬೆಳೆದವನಿಗೆ ಅದೇ ಅಡ್ಡಿಯಾಗುತ್ತದೆ ಎಂಬುದು ಕಹಿಯೆನಿಸಿತು. ಅಪ್ಪನನ್ನು ಸಹ ಅರ್ಜಿದಾರರನ್ನಾಗಿ ಸೇರಿಸಿ, ಅವರ ಪಹಣಿ, ನನ್ನ ಸಂಬಳದ ಚೀಟಿ, ಆರು ತಿಂಗಳ ಖಾತೆ ವಿವರವನ್ನು ಬ್ಯಾಂಕಿಗೆ ಕೊಟ್ಟೆವು. ಕಾಯುತ್ತಿದ್ದಾಗ ಶೋರೂಂನಲ್ಲೇ ಮೇಜು ಹಾಕಿಕೊಂಡಿದ್ದ ಹಣಕಾಸು ಸಂಸ್ಥೆಯವರು ‘ಒಂಬತ್ತು ಪರ್ಸೆಂಟ್, ಇವತ್ತೇ ಗಾಡಿ’ ಎಂದರು. ಅದು ಫ್ಲಾಟ್ ಬಡ್ಡಿ. 80,000 ರೂಪಾಯಿಗೆ ಮೂರು ವರ್ಷಕ್ಕೆ ಬಡ್ಡಿ 21,600 ಆಗುತ್ತದೆ, ಅಸಲು ತೀರುತ್ತ ಬಂದರೂ ಬಡ್ಡಿ ಪೂರ್ತಿ ಮೊತ್ತಕ್ಕೇ ಬೀಳುವುದರಿಂದ ನಿಜವಾದ ದರ ಶೇಕಡಾ 16 ದಾಟುತ್ತದೆ. ಬ್ಯಾಂಕಿನ ಶೇಕಡಾ 11ರ ದರ ಉಳಿದ ಅಸಲಿಗೆ ಮಾತ್ರ. ಅದೇ ಮೊತ್ತಕ್ಕೆ, ಅದೇ ಅವಧಿಗೆ ಬಡ್ಡಿ ಸುಮಾರು 14,300. ಬ್ಯಾಂಕಿನ ಮಂಜೂರಾತಿಗೆ ಕಾದ ದಿನಗಳಲ್ಲಿ ನೆಮ್ಮದಿಯಿರಲಿಲ್ಲ, ಆದರೆ ಕಾಯುವುದಕ್ಕೆ ತಕ್ಕ ವ್ಯತ್ಯಾಸವೇ ಅದು. ದರ ಫ್ಲಾಟೋ ಉಳಿದ ಅಸಲಿಗೆ ಮಾತ್ರವೋ, ಮುಂಚಿತವಾಗಿ ತೀರಿಸಿದರೆ ಶುಲ್ಕವೆಷ್ಟು ಎಂಬ ಎರಡು ಪ್ರಶ್ನೆ ಕೇಳದೆ ಸಹಿ ಹಾಕಬೇಡಿ.

ವಿಮೆಯಲ್ಲಿ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ (ನಮ್ಮಿಂದ ಬೇರೆಯವರಿಗಾಗುವ ಹಾನಿಯ) ವಿಮೆ ಕಡ್ಡಾಯ. 2018ರ ಸೆಪ್ಟೆಂಬರ್‌ನಿಂದ ಹೀಗಿದೆ. ನಮ್ಮ ಗಾಡಿಗೇ ಆಗುವ ಹಾನಿಯ ಭಾಗವನ್ನು ವರ್ಷ ವರ್ಷ ನವೀಕರಿಸಬಹುದು, ಸಾಲವಿದ್ದರೆ ಅದನ್ನೂ ಕೇಳುತ್ತಾರೆ. ಮಾಲೀಕ ಸವಾರರಿಗೆ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆಯೂ ಬೇಕು, ಮತ್ತು ಅದು ಸಿಗಬೇಕಾದರೆ ಚಾಲ್ತಿಯಲ್ಲಿರುವ ಡಿಎಲ್ ಇರಬೇಕು. ಶೋರೂಂ ಹೇಳಿದ ಕಂಪನಿಯಲ್ಲೇ ಮಾಡಿಸಬೇಕೆಂದಿಲ್ಲ.

ಗಾಡಿ ಕೈಗೆ ಬರುವ ದಿನ ಮನೆಯವರೆಲ್ಲ ಹೂವು, ನಿಂಬೆಹಣ್ಣು ಹಿಡಿದು ನಿಂತಿರುತ್ತಾರೆ, ಪರೀಕ್ಷಿಸಲು ಸಂಕೋಚವಾಗುತ್ತದೆ. ಆದ್ದರಿಂದ ಹಿಂದಿನ ದಿನವೇ ಹೋಗಿ ನೋಡಿ. ಟ್ಯಾಂಕಿನ ಕೆಳಭಾಗ, ಸೈಲೆನ್ಸರ್ ಬೆಸುಗೆ, ಸ್ಪೋಕು ಅಥವಾ ಅಲಾಯ್ ಅಂಚು, ಓಡಿದ ಕಿಲೋಮೀಟರ್, ಎಲ್ಲ ದೀಪಗಳು, ಚಾಸಿ ಸಂಖ್ಯೆ. ಮಾರಾಟ ಪ್ರಮಾಣಪತ್ರವಾದ ಫಾರಂ 21ರಲ್ಲಿ ತಯಾರಾದ ತಿಂಗಳು ಮತ್ತು ವರ್ಷ ಬರೆದಿರುತ್ತದೆ, ಅದನ್ನೂ ಓದಿ. ನನಗೆ ತೋರಿಸಿದ ಮೊದಲ ಗಾಡಿಯ ಹಿಂದಿನ ಮಡ್‌ಗಾರ್ಡಿನಲ್ಲಿ ಉಗುರು ಸಿಕ್ಕುವಷ್ಟು ಗೀರು ಇತ್ತು, ಹೇಳಿದ ಕೂಡಲೇ ಬೇರೆಯದನ್ನು ಕೊಟ್ಟರು. ಕೆಎ-14 ಸಂಖ್ಯೆ ಬಂದು, ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷತೆಯ ನಂಬರ್) ಫಲಕ ಕೂರುವವರೆಗೆ ಗಾಡಿಯನ್ನು ರಸ್ತೆಗಿಳಿಸಲಿಲ್ಲ. ಆರ್‌ಸಿ ಕಾರ್ಡು ಅಂಚೆಯಲ್ಲಿ ತಡವಾಗಿ ಬರುತ್ತದೆ. ಅಲ್ಲಿಯವರೆಗೆ ಡಿಜಿಲಾಕರ್‌ನಲ್ಲಿರುವ ಪ್ರತಿಯನ್ನು ತೋರಿಸಿದರೆ ಸಾಕು.

ಊರಿಗೆ ಮೊದಲ ಸಲ ತಂದದ್ದು ಬೆಳಗಿನ ಹೊತ್ತಿನಲ್ಲಿ, ಮಳೆ ಬಿಡುವು ಕೊಟ್ಟಾಗ. ಮಂಡಗದ್ದೆಯ ಆಸುಪಾಸಿನ ತಿರುವುಗಳಲ್ಲಿ ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಮುಟ್ಟದೆ ಹೋಗುವ ಅಭ್ಯಾಸ ಮಾಡಿಕೊಂಡೆ. ಹದಿನಾಲ್ಕು ಹಿಮ್ಮುರಿ ತಿರುವಿನ ಆಗುಂಬೆ ಘಾಟಿಯನ್ನು ಈ ಮಳೆಗಾಲದಲ್ಲಿ ಇಳಿಯುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಇಳಿಯುವವರು ನ್ಯೂಟ್ರಲ್‌ಗೆ ಹಾಕದೆ ಎರಡನೆಯ ಗೇರಿನಲ್ಲೇ ಎಂಜಿನ್ನಿನ ತಡೆಯಿಂದ ಇಳಿಯಬೇಕೆಂದು ಮೆಕ್ಯಾನಿಕ್ ಹೇಳಿದ್ದಾರೆ, ಇಲ್ಲವಾದರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಮೊದಲ ಸರ್ವಿಸನ್ನು ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರ್ ಅಥವಾ ದಿನ, ಯಾವುದು ಮೊದಲು ಬರುವುದೋ ಅದಕ್ಕೆ ಮಾಡಿಸಿ, ತಪ್ಪಿಸಿದರೆ ವಾರಂಟಿಗೆ ತೊಂದರೆ. ಕೆಸರಿನಲ್ಲಿ ಓಡಿಸಿದ ದಿನ ಚೈನನ್ನು ಸೀಮೆಎಣ್ಣೆಯಲ್ಲೋ ಚೈನ್ ಕ್ಲೀನರ್‌ನಲ್ಲೋ ಒರೆಸಿ, ಒಣಗಿದ ಮೇಲೆ ಲ್ಯೂಬ್ ಹಚ್ಚಿ; ಪೆಟ್ರೋಲ್ ಹಾಕಿ ಉಜ್ಜಿದರೆ ಸೀಲಿನ ರಬ್ಬರು ಹಾಳಾಗುತ್ತದೆ. ನಾನು ಇದನ್ನು ರಾತ್ರಿ ಊಟಕ್ಕೆ ಮೊದಲು ಮಾಡಿ ಮುಗಿಸುತ್ತೇನೆ, ಬೆಳಿಗ್ಗೆಗೆ ಬಿಟ್ಟರೆ ಕೆಂಪು ಮಣ್ಣು ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ.